ಶುಲ್ಕವಿಲ್ಲದ ಶಾಲೆಗಾಗಿ ನಿಂತ ಶಾಸಕ

ಅಮೆರಿಕದ ರಾಜಕಾರಣಿಗಳ ಹೆಸರು ಹೇಳಿರೆಂದರೆ ನಮ್ಮ ವಿದ್ಯಾರ್ಥಿಗಳು ವಾಷಿಂಗ್ಟನ್, ಲಿಂಕನ್ ಎಂದು ಥಟ್ಟನೆ ಹೇಳುತ್ತಾರೆ. ಮೂರನೆಯ ಹೆಸರು ಕೇಳಿದರೆ ತಡವರಿಸುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾಷ್ಟ್ರಾಧ್ಯಕ್ಷರಾದವರ ಚಿತ್ರ ಪಠ್ಯಪುಸ್ತಕದಲ್ಲಿರುತ್ತದೆ. ಒಂದು ರಾಜ್ಯದ ವಿಧಾನಸಭೆಯಲ್ಲಿ ಕುಳಿತು ತೆರಿಗೆ, ರಸ್ತೆ, ಶಾಲೆ ಎಂದು ಹೊಡೆದಾಡಿದವರ ಚಿತ್ರ ಅಲ್ಲಿಗೆ ಬರುವುದಿಲ್ಲ. ಆದರೆ ಒಂದು ಶಾಲೆಯ ವಾರ್ಷಿಕ ಸಂಚಿಕೆಗೆ ತಕ್ಕ ಹೆಸರು ಯಾವುದೆಂದು ನಮ್ಮನ್ನು ಕೇಳಿದರೆ, ಪೆನ್ಸಿಲ್ವೇನಿಯಾ ರಾಜ್ಯದ ಶಾಸಕರಾಗಿದ್ದ ಥ್ಯಾಡಿಯಸ್ ಸ್ಟೀವನ್ಸರದು ಎನ್ನುತ್ತೇವೆ. ಮುಂದೆ ಅವರು ರಾಷ್ಟ್ರದ ಪ್ರತಿನಿಧಿ ಸಭೆಗೂ ಹೋದರು, ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾದರು. ಆ ಕಥೆಯನ್ನು ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ. ನಮಗಿಲ್ಲಿ ಮುಖ್ಯವಾದುದು 1835ರ ಎಪ್ರಿಲ್ 11ರಂದು ಹ್ಯಾರಿಸ್‌ಬರ್ಗಿನ ವಿಧಾನಸಭೆಯಲ್ಲಿ ಅವರು ಮಾಡಿದ ಒಂದು ಭಾಷಣ, ಆ ಭಾಷಣವನ್ನು ಒಪ್ಪದಿದ್ದ ಜನ, ಮತ್ತು ಆ ಜನರಿಗೂ ಇದ್ದ ಒಂದು ನ್ಯಾಯ.

ಜಗಳದ ಮೂಲವನ್ನು ಮೊದಲು ತಿಳಿಯಬೇಕು. ಪೆನ್ಸಿಲ್ವೇನಿಯಾದಲ್ಲಿ 1809ರ ಒಂದು ಕಾನೂನಿನಂತೆ ಬಡವರ ಮಕ್ಕಳಿಗೆ ಉಚಿತ ವಿದ್ಯೆ ದೊರೆಯುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ದೊರೆಯುತ್ತಿದ್ದ ರೀತಿ ನೋಡಿ. ಫೀಸು ಕೊಡಲಾರದ ತಂದೆ ತಾಯಿ ತಾವು ನಿರ್ಗತಿಕರೆಂದು ಒಪ್ಪಿಕೊಳ್ಳಬೇಕು. ತೆರಿಗೆ ಅಂದಾಜಿನ ಅಧಿಕಾರಿ ಅವರ ಹೆಸರನ್ನು ಬಡವರ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಆ ಬಳಿಕ ಮಗುವಿನ ಫೀಸನ್ನು ಕೌಂಟಿಯ ಖಜಾನೆ ಕೊಡುವುದು. ಒಂದೇ ಬೆಂಚಿನಲ್ಲಿ ಕುಳಿತ ಮಕ್ಕಳಲ್ಲಿ ಯಾರು ಹಣ ಕೊಟ್ಟವರ ಮಗ, ಯಾರು ಪಟ್ಟಿಯವರ ಮಗ ಎಂಬುದು ಊರಿಗೆಲ್ಲ ಗೊತ್ತು. ಮಾನವಂತರಾದ ಬಡವರು ಏನು ಮಾಡಿದರು? ಹೆಸರು ಬರೆಸುವುದಕ್ಕಿಂತ ಮಗನನ್ನು ಹೊಲಕ್ಕೆ ಕಳಿಸುವುದೇ ಮೇಲೆಂದು ಸುಮ್ಮನಾದರು. ದಾನವಾಗಿ ಬಂದ ಅಕ್ಷರವನ್ನು ಬೇಡವೆಂದವರನ್ನು ಅಜ್ಞಾನಿಗಳೆನ್ನಲು ನಮಗೆ ಮನಸ್ಸು ಬಾರದು.

ಸ್ಟೀವನ್ಸರಿಗೆ ಬಡತನವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅವರು ಹುಟ್ಟಿದ್ದು 1792ರಲ್ಲಿ, ಉತ್ತರದ ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು. ಕುಂಟುತ್ತ ನಡೆಯುವ ಹುಡುಗನನ್ನು ಊರ ಹುಡುಗರು ಸುಮ್ಮನೆ ಬಿಡುತ್ತಾರೆಯೆ? ತಂದೆ ಸಂಸಾರವನ್ನು ಬಿಟ್ಟು ಹೊರಟುಹೋದ. ತಾಯಿ ಸಾರಾ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ದುಡಿದಳು. ಹತ್ತಿರದ ಪೀಚಮ್ ಎಂಬ ಊರಿನಲ್ಲಿ ಒಳ್ಳೆಯ ಶಾಲೆಯಿದೆಯೆಂದು ತಿಳಿದು ಸಂಸಾರವನ್ನೇ ಅಲ್ಲಿಗೆ ಸಾಗಿಸಿದಳು. ಹೊಲದ ಕೆಲಸಕ್ಕೆ ಈ ಹುಡುಗನ ಕಾಲು ಒದಗದು, ತಲೆಯಾದರೂ ಒದಗಲಿ ಎಂದು ಆ ತಾಯಿ ಯೋಚಿಸಿದ್ದಿರಬೇಕು. ಹುಡುಗ 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಪಡೆದ; ಮರುವರ್ಷ ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣಕ್ಕೆ ಉಪಾಧ್ಯಾಯನಾಗಿ ಬಂದ. ಪಾಠ ಹೇಳುತ್ತಲೇ ಕಾನೂನು ಓದಿ, 1816ರಲ್ಲಿ ಗೆಟಿಸ್‌ಬರ್ಗಿನಲ್ಲಿ ವಕೀಲಿ ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಆ ಊರಿನ ದೊಡ್ಡ ಆಸ್ತಿವಂತರಲ್ಲಿ ಒಬ್ಬನೆನಿಸಿದ. 1833ರಲ್ಲಿ ರಾಜ್ಯದ ವಿಧಾನಸಭೆಗೆ ಆರಿಸಿ ಬಂದಾಗ ವಯಸ್ಸು ನಲವತ್ತೊಂದು. ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಈ ಮಾತನ್ನು ನೆನಪಿಡಬೇಕು. ಶಾಲಾ ತೆರಿಗೆ ಬಂದರೆ ಅವರು ಹೆಚ್ಚು ಕೊಡಬೇಕಾಗಿತ್ತು, ಕಳುಹಿಸಲು ಅವರಿಗೆ ಮಕ್ಕಳಿರಲಿಲ್ಲ.

1834ರಲ್ಲಿ ಪೆನ್ಸಿಲ್ವೇನಿಯಾದ ಶಾಸನಸಭೆ ಸಾರ್ವಜನಿಕ ಶಾಲೆಗಳ ಕಾನೂನನ್ನು ಮಾಡಿತು. ಗವರ್ನರ್ ಜಾರ್ಜ್ ವುಲ್ಫ್ ಅದಕ್ಕೆ ಸಹಿ ಹಾಕಿದರು. ಊರೂರಿಗೂ ಚುನಾಯಿತ ಶಾಲಾ ಮಂಡಳಿ, ಆಸ್ತಿಯ ಮೇಲೆ ಶಾಲಾ ತೆರಿಗೆ, ರಾಜ್ಯದಿಂದ ಸಹಾಯಧನ, ಬಡವ ಬಲ್ಲಿದರೆಂಬ ಪಟ್ಟಿಯಿಲ್ಲದೆ ಎಲ್ಲರ ಮಕ್ಕಳಿಗೂ ಒಂದೇ ಶಾಲೆ. ಬೇಕಾದ ಊರು ಒಪ್ಪಬಹುದು, ಬೇಡವಾದರೆ ಬಿಡಬಹುದು ಎಂಬ ಸೌಕರ್ಯವೂ ಇತ್ತು. ಸಭೆಯಲ್ಲಿ ಹೆಚ್ಚು ವಿರೋಧವಿಲ್ಲದೆ ಪಾಸಾದ ಕಾನೂನು ಹಳ್ಳಿಗಳಿಗೆ ಹೋದಾಗ ಬೆಂಕಿ ಹತ್ತಿಕೊಂಡಿತು. ನನ್ನ ನೆರೆಯವನ ಮಗ ಓದಲು ನಾನೇಕೆ ತೆರಿಗೆ ಕೊಡಬೇಕೆಂದು ರೈತರು ಕೇಳಿದರು. ಆ ವರ್ಷದ ಚುನಾವಣೆಯಲ್ಲಿ ಕಾನೂನಿನ ಪರ ಮತ ಕೊಟ್ಟ ಅನೇಕರು ಸೋತರು. ಕಾನೂನನ್ನು ರದ್ದು ಮಾಡಿರೆಂದು ಬಂದ ಮನವಿಗಳಿಗೆ ಸುಮಾರು 32,000 ಮಂದಿಯ ಸಹಿಯಿತ್ತು. ಉಳಿಸಿರೆಂದವರು ಅದರ ಹತ್ತನೆಯ ಒಂದು ಪಾಲೂ ಇರಲಿಲ್ಲ. 1835ರಲ್ಲಿ ಸೆನೆಟ್ 19ಕ್ಕೆ 11 ಮತಗಳಿಂದ ಕಾನೂನನ್ನು ತೆಗೆದುಹಾಕಲು ಒಪ್ಪಿತು. ಬಡವರ ಪಟ್ಟಿ ಮರಳಿ ಬರುವುದು ಬಹುಮಟ್ಟಿಗೆ ಖಂಡಿತವಾಗಿತ್ತು. ಇನ್ನುಳಿದದ್ದು ಕೆಳಮನೆ.

ಸ್ಟೀವನ್ಸರನ್ನು ಆರಿಸಿ ಕಳಿಸಿದ ಆಡಮ್ಸ್ ಕೌಂಟಿಯ ಜನರೂ ಕಾನೂನು ರದ್ದಾಗಬೇಕೆಂದೇ ಬಯಸಿದ್ದರು. ಮತದಾರರ ಮಾತು ಕೇಳುವುದು ಶಾಸಕನ ಧರ್ಮವಲ್ಲವೆ ಎಂದು ನಮ್ಮ ಹತ್ತನೆಯ ತರಗತಿಯ ಚರ್ಚಾಕೂಟದಲ್ಲಿ ಯಾರಾದರೂ ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಸ್ಟೀವನ್ಸರು ಆ ದಿನ ಎದ್ದು ನಿಂತು, ಹಳೆಯ ಕಾನೂನಿಗೆ ಮರಳುವುದಾದರೆ ಅದಕ್ಕೆ ಸರಿಯಾದ ಹೆಸರಿಡೋಣ, ಬಡವರನ್ನು ಶ್ರೀಮಂತರಿಂದ ಬೇರೆಯಾಗಿ ಗುರುತಿಸಲು ಬರೆ ಹಾಕುವ ಕಾನೂನೆಂದು ಕರೆಯೋಣ ಎಂದರು. ಶಾಲೆಯಿಂದ ತನಗೆ ಪ್ರಯೋಜನವಿಲ್ಲ ಎಂದು ಗೊಣಗುವವನು ಸೆರೆಮನೆಗೂ ನ್ಯಾಯಾಲಯಕ್ಕೂ ತೆರಿಗೆ ಕೊಡುತ್ತಾನಲ್ಲ, ಅವುಗಳಿಂದ ಅವನಿಗೇನು ಪ್ರಯೋಜನ ಎಂದು ಕೇಳಿದರು. ಅಪರಾಧಿಯನ್ನು ಸಾಕಲು ಸಂತೋಷದಿಂದ ಕೊಡುವ ಹಣವನ್ನು ಅಪರಾಧಿ ಹುಟ್ಟದಂತೆ ಮಾಡಲು ಕೊಡಲಾರನೇ? ಜನರೇ ಆಳುವ ರಾಜ್ಯದಲ್ಲಿ ಮತ ಹಾಕುವವನಿಗೆ ತಿಳಿವಳಿಕೆ ಕೊಡಿಸುವುದು ರಾಜ್ಯದ ಕರ್ತವ್ಯ, ಅದನ್ನು ದಾನವೆಂದು ಕೊಡಬಾರದು ಎಂಬುದು ಅವರ ವಾದದ ತಿರುಳು. ತಮ್ಮ ಕ್ಷೇತ್ರದ ಜನರ ಮುನಿಸಿನ ವಿಷಯದಲ್ಲಿ, ಇದಕ್ಕಾಗಿ ನನ್ನ ಸ್ಥಾನ ಹೋಗುವುದಾದರೆ ಹೋಗಲಿ ಎಂಬ ಧೋರಣೆಯಲ್ಲೇ ಮಾತನಾಡಿದರು.

ಇನ್ನೊಂದು ಸಂಗತಿಯಿದೆ. ಗವರ್ನರ್ ವುಲ್ಫ್ ಅವರ ಪಕ್ಷದವರಲ್ಲ. ವುಲ್ಫ್ ಡೆಮಾಕ್ರಾಟಿಕ್ ಪಕ್ಷದವರು, ಜೊತೆಗೆ ಮೇಸನ್ ಸಂಘದ ಸದಸ್ಯರು. ಸ್ಟೀವನ್ಸರಾದರೋ ಮೇಸನ್ ಸಂಘವನ್ನು ವಿರೋಧಿಸಲೆಂದೇ ಹುಟ್ಟಿದ ಪಕ್ಷದವರು! ಆದರೂ ಶಾಲೆಯ ವಿಷಯದಲ್ಲಿ ಆ ಎದುರಾಳಿಯ ಹಿಂದೆ ನಿಲ್ಲಲು ತಮಗೆ ಸಂಕೋಚವಿಲ್ಲವೆಂದು ತುಂಬಿದ ಸಭೆಯಲ್ಲಿ ಸಾರಿದರು. ಪಕ್ಷದ ಮೇಲೆ ಪಕ್ಷ ಬೀಳುವುದನ್ನೇ ರಾಜಕಾರಣವೆಂದು ನೋಡಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ಗಮನಿಸಲಿ.

ಭಾಷಣ ಮುಗಿದ ಮೇಲೆ ಕೆಳಮನೆಯ ಒಲವು ತಿರುಗಿತು. ರದ್ದು ಮಾಡುವ ಮಸೂದೆ ಬಿದ್ದುಹೋಗಿ, ಕಾನೂನನ್ನು ಬಲಪಡಿಸುವ ಮಸೂದೆ ಅದರ ಸ್ಥಾನಕ್ಕೆ ಬಂತು. ಸೆನೆಟ್ ಕೂಡ ಕೊನೆಗೆ ಒಪ್ಪಿಕೊಂಡಿತು. ರೆಡಿಂಗ್ ಪಟ್ಟಣದ ಮಹಿಳೆಯರು ಆ ಭಾಷಣವನ್ನು ರೇಷ್ಮೆಯ ಬಟ್ಟೆಯ ಮೇಲೆ ಅಚ್ಚು ಮಾಡಿಸಿ ಅವರಿಗೆ ಕೊಟ್ಟರೆಂದು ಹೇಳುತ್ತಾರೆ. ಒಂದೇ ಭಾಷಣದಿಂದ ಇಷ್ಟೆಲ್ಲ ಆಯಿತೆಂದು ನಂಬಬೇಕಾಗಿಲ್ಲ. ಗವರ್ನರರು ರದ್ದತಿಗೆ ಒಪ್ಪುವವರಲ್ಲ ಎಂಬುದೂ ಸದಸ್ಯರಿಗೆ ಗೊತ್ತಿತ್ತು. ಆ ಬಿಗಿಗೆ ವುಲ್ಫ್ ಬೆಲೆ ತೆತ್ತರು. ಅದೇ ವರ್ಷದ ಚುನಾವಣೆಯಲ್ಲಿ ಅವರ ಪಕ್ಷ ಎರಡು ಹೋಳಾಯಿತು, ಅವರು ಸೋತರು. ಸೋಲಿಗೆ ಶಾಲೆಯೂ ಒಂದು ಕಾರಣವಾಗಿತ್ತು.

ಇಷ್ಟರವರೆಗೆ ಕಥೆ ಸರಳವಾಗಿದೆ: ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲೆ. ಅಮೆರಿಕದ ಪುಸ್ತಕಗಳಲ್ಲಿ ಬಹಳ ಕಾಲ ಹಾಗೆಯೇ ಬರೆಯುತ್ತಿದ್ದರು. ಆದರೆ ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ಕುಳಿತು ಓದುವ ನಾವು, ವಿರೋಧಿಸಿದವರು ಯಾರೆಂದು ತುಸು ನಿಂತು ನೋಡಬೇಕಾಗುತ್ತದೆ.

ಅವರಲ್ಲಿ ಬಹುಮಂದಿ ಜರ್ಮನ್ ಮಾತಿನ ರೈತರು. 1683ರಲ್ಲಿ ಫಿಲಡೆಲ್ಫಿಯಾದ ಬಳಿ ಜರ್ಮನ್‌ಟೌನ್ ಎಂಬ ಊರು ಕಟ್ಟಿದಂದಿನಿಂದ ಅವರು ಅಲ್ಲಿದ್ದರು. ಬರ್ಕ್ಸ್, ಲ್ಯಾಂಕಾಸ್ಟರ್, ಯಾರ್ಕ್ ಕೌಂಟಿಗಳ ಫಲವತ್ತಾದ ನೆಲ ಅವರ ಬೆವರಿನದು. ವಿದ್ಯೆಯೆಂದರೆ ಅವರಿಗೆ ಬೇಡವಾಗಿತ್ತೆನ್ನುವುದು ಸುಳ್ಳು. ಚರ್ಚಿನ ಪಕ್ಕದಲ್ಲಿ ಶಾಲೆಯಿರುತ್ತಿತ್ತು; ಪಾಠ ಹೇಳುವ ಉಪಾಧ್ಯಾಯನೇ ಭಾನುವಾರ ಪ್ರಾರ್ಥನೆಗೆ ಆರ್ಗನ್ ನುಡಿಸುತ್ತಿದ್ದುದೂ ಉಂಟು. ಕ್ರಿಸ್ಟೋಫರ್ ಡಾಕ್ ಎಂಬ ಉಪಾಧ್ಯಾಯರು ಶಾಲೆ ನಡೆಸುವ ಕ್ರಮದ ಬಗೆಗೆ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕ 1770ರಲ್ಲಿ ಅಚ್ಚಾಯಿತು. ಅಮೆರಿಕದಲ್ಲಿ ಪ್ರಕಟವಾದ ಮೊದಲ ಶಿಕ್ಷಣಶಾಸ್ತ್ರದ ಪುಸ್ತಕ ಅದೇ. ಮಕ್ಕಳನ್ನು ಹೊಡೆಯುವುದಕ್ಕಿಂತ ಪ್ರೀತಿಯಿಂದ ತಿದ್ದುವುದು ಮೇಲೆಂದು ಅವರು ನಂಬಿದ್ದರು. ಮರುವರ್ಷ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳಿಗಾಗಿ ಪ್ರಾರ್ಥಿಸುತ್ತ ಮೊಣಕಾಲೂರಿದವರು ಹಾಗೆಯೇ ತೀರಿಕೊಂಡಿದ್ದರಂತೆ. ಜರ್ಮನ್‌ಟೌನಿನ ಮುದ್ರಕ ಕ್ರಿಸ್ಟೋಫರ್ ಸಾವರ್ 1743ರಲ್ಲೇ ಜರ್ಮನ್ ಬೈಬಲ್ ಅಚ್ಚು ಮಾಡಿದ್ದ. ಇಂಗ್ಲಿಷ್ ಬೈಬಲ್ ಆ ನೆಲದಲ್ಲಿ ಅಚ್ಚಾಗಲು ಇನ್ನೂ ಎಷ್ಟೋ ವರ್ಷ ಇತ್ತು. ಇಂತಹವರನ್ನು ಅಕ್ಷರದ ವೈರಿಗಳೆನ್ನುವುದು ಹೇಗೆ?

ಅವರ ಸಂಶಯಕ್ಕೆ ಒಂದು ಹಳೆಯ ಗಾಯವೂ ಕಾರಣ. 1754ರ ಸುಮಾರಿಗೆ ಇಂಗ್ಲಿಷರು ‘ಬಡ ಜರ್ಮನರಿಗಾಗಿ’ ಧರ್ಮಶಾಲೆಗಳನ್ನು ತೆರೆದರು. ಬೆಂಜಮಿನ್ ಫ್ರಾಂಕ್ಲಿನ್‌ರಂತಹ ದೊಡ್ಡ ಮನುಷ್ಯರೇ ಅದರಲ್ಲಿದ್ದರು. ಈ ಜರ್ಮನರು ನಮ್ಮಂತಾಗುವ ಬದಲು ನಮ್ಮನ್ನೇ ಜರ್ಮನರನ್ನಾಗಿ ಮಾಡಿಬಿಟ್ಟಾರು ಎಂಬ ಹೆದರಿಕೆಯನ್ನು ಫ್ರಾಂಕ್ಲಿನ್ ಅದಕ್ಕೂ ಮೊದಲೇ ಬರೆದಿಟ್ಟಿದ್ದರು. ಧರ್ಮಶಾಲೆಯ ಹೆಸರಿನಲ್ಲಿ ನಮ್ಮ ಮಕ್ಕಳ ನಾಲಗೆ ಬದಲಿಸಲು ಬಂದಿದ್ದಾರೆಂದು ಸಾವರ್ ತನ್ನ ಪತ್ರಿಕೆಯಲ್ಲಿ ಎಚ್ಚರಿಸಿದ. ಜನ ನಂಬಿದರು; ಹತ್ತು ವರ್ಷಗಳೊಳಗೆ ಆ ಶಾಲೆಗಳು ಮುಚ್ಚಿದವು. ಎಂಬತ್ತು ವರ್ಷಗಳ ಅನಂತರ ಸರಕಾರವು ಮತ್ತೆ ಉಚಿತ ಶಾಲೆಯೆಂದು ಬಂದಾಗ, ಆ ಅಜ್ಜಂದಿರ ಮೊಮ್ಮಕ್ಕಳು ಉಚಿತವೆಂಬ ಮಾತಿನ ಹಿಂದೆ ಏನಿದೆಯೆಂದು ನೋಡಿದ್ದು ಸಹಜ. ತೆರಿಗೆಯ ಸಿಟ್ಟು ಇತ್ತು, ಚರ್ಚಿನ ಹಿಡಿತ ತಪ್ಪುವುದೆಂಬ ಭಯ ಇತ್ತು, ಹೊಲಕ್ಕೆ ಆಳು ಕಡಿಮೆಯಾಗುವುದೆಂಬ ಲೆಕ್ಕವೂ ಇತ್ತು. ಇವೆಲ್ಲವುಗಳ ಅಡಿಯಲ್ಲಿ ಭಾಷೆಯ ಚಿಂತೆಯೂ ಇತ್ತು. ಸ್ವತಃ ಜರ್ಮನ್ ಮೂಲದವರಾದ ಗವರ್ನರ್ ವುಲ್ಫ್ ಕೂಡ ಅದನ್ನು ಹೋಗಲಾಡಿಸಲು ಸಾಧ್ಯವಾಗಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು: ಬಡವರ ಪಟ್ಟಿಯ ವಿಷಯದಲ್ಲಿ ಸ್ಟೀವನ್ಸರು ಪೂರ್ತಿ ಸರಿ. ಭಾಷೆಯ ವಿಷಯದಲ್ಲಿ ರೈತರೂ ಸರಿ. ಈ ಎರಡು ಸರಿಗಳನ್ನು ಕೂಡಿಸಿದ್ದು 1837ರ ಪೆನ್ಸಿಲ್ವೇನಿಯಾದ ಕಾನೂನು. ಅದರಂತೆ ಇಂಗ್ಲಿಷ್ ಶಾಲೆಗಳಿಗೆ ಸಮನಾಗಿ ಜರ್ಮನ್ ಶಾಲೆಗಳನ್ನೂ ಸಾರ್ವಜನಿಕ ಹಣದಿಂದ ನಡೆಸಬಹುದಾಯಿತು. ಅದನ್ನು ನಾವು 1835ರ ಭಾಷಣಕ್ಕಿಂತ ಸಣ್ಣದೆಂದು ಎಣಿಸುವುದಿಲ್ಲ. ಎಲ್ಲ ಊರುಗಳೂ ಒಪ್ಪಿಕೊಳ್ಳಲು ಮತ್ತೆ ಹಲವು ದಶಕ ಹಿಡಿಯಿತು, ಅದು ಬೇರೆ ಮಾತು.

ಸ್ಟೀವನ್ಸರನ್ನು ದೇವರ ಪಟವಾಗಿ ಗೋಡೆಗೆ ತೂಗುಹಾಕುವ ಉದ್ದೇಶ ನಮಗಿಲ್ಲ. 1821ರಲ್ಲಿ ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಂಗಸು ತನ್ನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಹೋದಾಗ, ಗುಲಾಮರ ಒಡೆಯನ ಪರ ವಾದಿಸಿ ಗೆದ್ದ ವಕೀಲರು ಇದೇ ಸ್ಟೀವನ್ಸರು. ಅಂತಹ ವಾದವನ್ನು ಅವರು ಮುಂದೆ ಹಿಡಿಯಲಿಲ್ಲ. ಶಾಲೆಗಾಗಿ ಯಾವ ವುಲ್ಫರನ್ನು ಹೊಗಳಿದರೋ, ಒಂದು ವರ್ಷ ತುಂಬುವ ಮೊದಲೇ ಅವರನ್ನು ಮೇಸನ್ ಸಂಘದ ಗುಟ್ಟು ಹೇಳೆಂದು ತಮ್ಮ ವಿಚಾರಣಾ ಸಮಿತಿಯೆದುರಿಗೆ ಕರೆದರು. ವುಲ್ಫ್ ಬರಲಿಲ್ಲ; ಒಳ್ಳೆಯದೇ ಮಾಡಿದರು. ತಮ್ಮ ಕಬ್ಬಿಣದ ಕಾರ್ಖಾನೆಯ ಕಡೆಗೆ ಹಾವಿನಂತೆ ಸುತ್ತಿ ಬರುವ ರೈಲುದಾರಿಗೆ ರಾಜ್ಯದ ಹಣ ಹಾಕಿಸಿದರೆಂದು ಎದುರಾಳಿಗಳು ಬೈದರು. ಆ ಕೆಲಸ ನಡುವೆಯೇ ನಿಂತಿತು. 1838ರ ಡಿಸೆಂಬರಿನಲ್ಲಿ ಚುನಾವಣೆಯ ಎಣಿಕೆಯ ಜಗಳದಲ್ಲಿ ಹ್ಯಾರಿಸ್‌ಬರ್ಗಿನ ಸಭಾಭವನಕ್ಕೆ ಜನ ನುಗ್ಗಿದಾಗ ಕಿಟಕಿಯಿಂದ ಹಾರಿ ಪಾರಾದರು. ತಿರುಚಿದ ಪಾದದ ನಲವತ್ತಾರರ ಮನುಷ್ಯ ಕಿಟಕಿಯಿಂದ ಹಾರುವ ದೃಶ್ಯವನ್ನು ನಮ್ಮ ನಾಟಕದ ಹುಡುಗರು ಕಲ್ಪಿಸಿಕೊಳ್ಳಲಿ! ಆದರೆ ಅದೇ ವರ್ಷ ರಾಜ್ಯದ ಹೊಸ ಸಂವಿಧಾನ ಸಿದ್ಧವಾದಾಗ, ಮತದ ಹಕ್ಕು ಬಿಳಿಯರಿಗೆ ಮಾತ್ರವೆಂದು ಅದರಲ್ಲಿ ಸೇರಿಸಿದ್ದಕ್ಕಾಗಿ ಸಹಿ ಹಾಕಲು ನಿರಾಕರಿಸಿದರು. ಎಲ್ಲರ ಶಾಲೆಯೆಂಬುದು ಕೂಡ ಎಲ್ಲರದಾಗಿ ಉಳಿಯಲಿಲ್ಲ: 1854ರಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆಯೆಂದು ಆ ರಾಜ್ಯವೇ ಕಾನೂನು ಮಾಡಿತು, 1881ರಲ್ಲಿ ಅದನ್ನು ತೆಗೆಯಿತು.

ಈಗ ಪೋಷಕರೊಡನೆ ಎರಡು ಮಾತು. ಪೆನ್ಸಿಲ್ವೇನಿಯಾದ ಆ ಮನೆಗಳಲ್ಲಿ ಮಕ್ಕಳು ಆಡುತ್ತಿದ್ದುದು ಊರ ಆಡುಮಾತಿನ ಜರ್ಮನ್. ಶಾಲೆಯಲ್ಲೂ ಚರ್ಚಿನಲ್ಲೂ ಕಲಿಯುತ್ತಿದ್ದುದು ಗ್ರಂಥದ ಜರ್ಮನ್. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ ಹವ್ಯಕ ಮಾತೋ ಆಡಿ, ಶಾಲೆಗೆ ಬಂದು ಕನ್ನಡ ಓದುವ ಕಾಸರಗೋಡಿನ ನಮ್ಮ ಮಕ್ಕಳಿಗೆ ಇದು ಹೊಸತೆನಿಸದು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಅದೇ ವರ್ಷ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಹೇಳಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆನ್ನುತ್ತದೆ. ಅಂದರೆ 1837ರಲ್ಲಿ ಆ ರೈತರಿಗೆ ಸಿಕ್ಕಂತಹ ಮಾತು ಕಾಗದದ ಮೇಲೆ ನಮಗೂ ಸಿಕ್ಕಿದೆ.

ಅವರ ಕಾಗದ ಏನಾಯಿತು? ಜರ್ಮನ್ ಶಾಲೆಗಳು ಕೆಲವು ಕಡೆ ದಶಕಗಳ ಕಾಲ ನಡೆದವು. ಬರಬರುತ್ತ ಪೇಟೆಯ ವ್ಯವಹಾರಕ್ಕೆ ಇಂಗ್ಲಿಷೇ ಬೇಕೆಂದು ಪೋಷಕರಿಗೆ ಕಂಡಿತು, ತರಗತಿಗಳು ಬರಿದಾದವು, ಕಲಿಸಬಲ್ಲ ಉಪಾಧ್ಯಾಯರು ಕಡಿಮೆಯಾದರು. 1911ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸಬೇಕೆಂದು ರಾಜ್ಯ ಕಾನೂನು ಮಾಡಿದಾಗ ತಡೆಯುವ ಬಲ ಯಾರಿಗೂ ಉಳಿದಿರಲಿಲ್ಲ. ಆಮಿಷ್ ಪಂಗಡದವರ ಮನೆಗಳಲ್ಲಿ ಆ ಆಡುಮಾತು ಇಂದಿಗೂ ಇದೆ. ಸಾರ್ವಜನಿಕ ಶಾಲೆಯಲ್ಲಿ ಇಲ್ಲ.

ಹೊರಗಿನವರು ಮಾಡಿದ ಕಾನೂನಿನ ಬಗೆಗೆ ನಾವು ಎಷ್ಟೋ ಸಭೆಗಳಲ್ಲಿ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಶುಲ್ಕವಿಲ್ಲದ ಕನ್ನಡ ಶಾಲೆ ಎಂದರೆ ಕೈಲಾಗದವರ ಶಾಲೆ ಎಂದು ನಮ್ಮವರೇ ಅಂಗಡಿ ಜಗಲಿಯಲ್ಲಿ, ಮದುವೆ ಚಪ್ಪರದಲ್ಲಿ ಆಡುವುದನ್ನೂ ನಾವು ಕೇಳಿದ್ದೇವೆ. ಬೆಳಿಗ್ಗೆ ಒಂದೇ ಬಸ್ ನಿಲ್ದಾಣದಲ್ಲಿ ನಿಂತ ಅಕ್ಕಪಕ್ಕದ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಟೈ ಕಟ್ಟಿ ಶಾಲಾ ವ್ಯಾನು ಹತ್ತುತ್ತಾನೆ, ಇನ್ನೊಬ್ಬನು ನಡೆದು ನಮ್ಮಲ್ಲಿಗೆ ಬರುತ್ತಾನೆ. ಇವನು ಯಾವ ಮನೆಯವನೆಂದು ಯಾರೂ ಹೇಳಬೇಕಾಗಿಲ್ಲ. ಹ್ಯಾರಿಸ್‌ಬರ್ಗಿನಲ್ಲಿ ಸ್ಟೀವನ್ಸರು ಹರಿದುಹಾಕಿಸಿದ ಬಡವರ ಪಟ್ಟಿಯನ್ನು, ಯಾವ ಸರಕಾರವೂ ಹೇಳದೆ, ನಾವೇ ಕೂತು ಮತ್ತೆ ಬರೆಯುತ್ತಿದ್ದೇವೆಂದು ನಮಗನಿಸುತ್ತದೆ. ಊರಿನ ಅಂಗಡಿಯವರು, ನೌಕರರು, ತೋಟದವರು, ಉಪಾಧ್ಯಾಯರೇ ಕೂಡ, ತಮ್ಮ ಮಕ್ಕಳನ್ನು ಯಾವ ಬೆಂಚಿನಲ್ಲಿ ಕೂರಿಸುತ್ತಾರೆ ಎಂಬುದನ್ನು ಮನವಿಪತ್ರಕ್ಕೆ ಸಹಿ ಹಾಕುವ ಮೊದಲು ಯೋಚಿಸಬೇಕೆಂದು ಈ ಸಂಚಿಕೆಯ ಮೂಲಕ ವಿನಂತಿಸುತ್ತೇವೆ. ಮಕ್ಕಳಿಗೆ ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಚೆನ್ನಾಗಿ ಕಲಿಸಿರೆಂದು ನಮ್ಮನ್ನೇ ಹಿಡಿದು ಕೇಳಿ, ಮಲಯಾಳವನ್ನೂ ಕೇಳಿ. ಶಾಲೆಯ ಒಳಗೆ ನಿಂತು ಕೇಳಿ.

ಸ್ಟೀವನ್ಸರು 1868ರ ಆಗಸ್ಟ್ 11ರಂದು ವಾಷಿಂಗ್ಟನ್ ನಗರದಲ್ಲಿ ತೀರಿಕೊಂಡರು. ದೇಹವನ್ನು ಅವರ ಊರಾಗಿದ್ದ ಲ್ಯಾಂಕಾಸ್ಟರಿಗೆ ತಂದು, ಬಿಳಿಯರಿಗೂ ಕಪ್ಪು ಜನರಿಗೂ ಸಮನಾಗಿ ಸ್ಥಳವಿದ್ದ ಒಂದು ಸಣ್ಣ ಸ್ಮಶಾನದಲ್ಲಿ ಮಣ್ಣು ಮಾಡಿದರು. ಬೇರೆ ಸ್ಮಶಾನಗಳಲ್ಲಿ ಜನಾಂಗ ನೋಡುತ್ತಿದ್ದರೆಂದು ಅವರೇ ಇದನ್ನು ಆರಿಸಿದ್ದರು. ಅನಾಥ ಮಕ್ಕಳಿಗಾಗಿ, ಬಣ್ಣ ಜಾತಿ ನೋಡದೆ ಎಲ್ಲರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಊಟ ಹಾಕುವ ಒಂದು ಆಶ್ರಮಕ್ಕೆ ಮರಣಪತ್ರದಲ್ಲಿ ಹಣವಿಟ್ಟಿದ್ದರು. ಅದರಿಂದ ಬೆಳೆದ ವೃತ್ತಿಶಿಕ್ಷಣದ ಕಾಲೇಜು ಲ್ಯಾಂಕಾಸ್ಟರಿನಲ್ಲಿ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಅದೇ ಮರಣಪತ್ರದಲ್ಲಿ ಪೀಚಮಿನ ಸ್ಮಶಾನಕ್ಕೂ ಸ್ವಲ್ಪ ಹಣ ಬರೆದಿದ್ದರು. ಅಲ್ಲಿ ಮಲಗಿರುವ ತಾಯಿಯ ಸಮಾಧಿಯ ಮೂಲೆಗಳಲ್ಲಿ ಪ್ರತಿ ವಸಂತಕ್ಕೂ ಗುಲಾಬಿಯನ್ನೋ ನಗುಮೊಗದ ಬೇರೆ ಹೂವನ್ನೋ ನೆಡಬೇಕೆಂದು ಅದರಲ್ಲಿ ತಿಳಿಸಿದ್ದರು.